ಮೂರೂವರೆ ಗಂಟೆಯ ಕಾಲಮಿತಿ ಆಟ, ನಾಲ್ಕು ಕ್ಯಾಮೆರಾ, ಒಂದು ರೆಕಾರ್ಡರ್: ಸಿಂಕ್ ಎಲ್ಲೆಲ್ಲಿ ಜಾರುತ್ತಿದೆ?

ಕಡಲತಡಿ_ಫ್ರೇಮ್ಸ್

ಎಲ್ಲರಿಗೂ ನಮಸ್ಕಾರ. ಮೂರೂವರೆ ಗಂಟೆಯ ಕಾಲಮಿತಿ ಯಕ್ಷಗಾನದ ಫೂಟೇಜ್ ಕೈಯಲ್ಲಿದೆ. ಚಿತ್ರಕ್ಕೂ ಸೌಂಡಿಗೂ ತಾಳೆ, ಅಂದರೆ ಸಿಂಕ್, ಕೂಡುತ್ತಿಲ್ಲ. ಎಡಿಟ್ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನಲ್ಲಿ, ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮ್. ಬಳಸಿದ ಸಾಮಾನು ಹೀಗಿದೆ:

ಕ್ಯಾಮೆರಾ 1: ಸೋನಿ ಮಿರರ್‌ಲೆಸ್, 25 ಫ್ರೇಮ್, ರಂಗಸ್ಥಳದಿಂದ 4 ಮೀಟರ್. ಡಮ್ಮಿ ಬ್ಯಾಟರಿಯಲ್ಲಿ ನಿಲ್ಲದೆ ಓಡಿದೆ.
ಕ್ಯಾಮೆರಾ 2: ಅದೇ ಮಾಡೆಲ್, 25 ಫ್ರೇಮ್, ಹಿಂದೆ ಟ್ರೈಪಾಡ್ ಮೇಲೆ, ಸುಮಾರು 30 ಮೀಟರ್ ದೂರ.
ಕ್ಯಾಮೆರಾ 3: ಗೋಪ್ರೊ, 29.97, ರಂಗಸ್ಥಳದ ಕಂಬಕ್ಕೆ ಕಟ್ಟಿದ್ದು. ಒಂದೇ ರೆಕಾರ್ಡಿಂಗ್ ಹಲವು ಫೈಲ್‌ಗಳಾಗಿದೆ.
ಕ್ಯಾಮೆರಾ 4: ಆಂಡ್ರಾಯ್ಡ್ ಮೊಬೈಲ್, 30 ಫ್ರೇಮ್, ಚೌಕಿ (ವೇಷ ಕಟ್ಟುವ ಜಾಗ) ಕಡೆಯಿಂದ.
ಸೌಂಡ್: ಮಿಕ್ಸರ್‌ನಿಂದ ನೇರ ಲೈನ್, ಝೂಮ್ ರೆಕಾರ್ಡರ್‌ಗೆ, 48 ಕಿಲೋಹರ್ಟ್ಸ್, 24 ಬಿಟ್.

ಎಲ್ಲವನ್ನೂ ಒಟ್ಟಿಗೆ ಆಯ್ದು, ಆಂಗಲ್ ಸಿಂಕ್‌ನಲ್ಲಿ ಸೌಂಡ್ ಕೊಟ್ಟು ಮಲ್ಟಿಕ್ಯಾಮ್ ಕ್ಲಿಪ್ (ಎಲ್ಲ ಕ್ಯಾಮೆರಾವೂ ಸೇರಿದ ಒಂದೇ ಕ್ಲಿಪ್) ಮಾಡಿದರೆ ಬರುವ ಫಲ ಇದು. ಕ್ಯಾಮೆರಾ 1 ಶುರುವಿನಲ್ಲಿ ಸರಿ, ಕೊನೆಗೆ ಬರುವಾಗ ರೆಕಾರ್ಡರ್ ಸೌಂಡ್ ಹಿಂದೆ ಬಿದ್ದಿರುತ್ತದೆ. ಕ್ಯಾಮೆರಾ 2ರಲ್ಲಿ ಮೊದಲಿನಿಂದಲೇ ಕೋಲು ಚೆಂಡೆಗೆ ಬಿದ್ದ ಮೇಲೆ ಪೆಟ್ಟು ಕೇಳುತ್ತದೆ. ಗೋಪ್ರೊದ ಮೊದಲ ಮೂರು ಫೈಲ್ ಸರಿ, ನಾಲ್ಕನೆಯದು ತಾಳದ ಒಂದು ಸುತ್ತಿನಷ್ಟು ಆಚೆ ಕೂರುತ್ತದೆ. ಮೊಬೈಲ್‌ನದು ಇಪ್ಪತ್ತನೇ ನಿಮಿಷದಲ್ಲಿ ಅರ್ಧ ಸೆಕೆಂಡ್ ತಪ್ಪು, ನಲವತ್ತರಲ್ಲಿ ಅದಕ್ಕಿಂತ ಕಡಿಮೆ ತಪ್ಪು. ಎಲ್ಲಿಂದ ಶುರು ಮಾಡುವುದು?

ಮೂರನೇಕಣ್ಣು

ಇವು ನಾಲ್ಕು ಬೇರೆ ಬೇರೆ ಕಾಯಿಲೆಗಳು ಸರ್, ಒಂದೇ ಮದ್ದಿಗೆ ಹೋಗುವಂಥವಲ್ಲ. ಸಿಂಕ್ ಬಟನ್ನನ್ನು ಮತ್ತೆ ಮತ್ತೆ ಒತ್ತುವುದನ್ನು ಬಿಟ್ಟು ಮೊದಲು ಅಳೆಯಿರಿ. ಪ್ರತಿ ಕ್ಯಾಮೆರಾವನ್ನೂ ರೆಕಾರ್ಡರ್ ಜೊತೆ ಎರಡು ಕಡೆ ಹೋಲಿಸಬೇಕು: ಶುರುವಿನ ಅಬ್ಬರದಲ್ಲಿ (ಆಟದ ಮೊದಲು ನುಡಿಸುವ ಚೆಂಡೆ) ಒಂದು ಪೆಟ್ಟು, ಕೊನೆಯ ಮಂಗಳದ ಹತ್ತಿರ ಒಂದು ಪೆಟ್ಟು. ಎರಡೂ ಕಡೆ ಎಷ್ಟು ಫ್ರೇಮ್ ವ್ಯತ್ಯಾಸ, ಯಾವ ದಿಕ್ಕಿಗೆ ಅನ್ನುವುದನ್ನು ಕಾಗದದಲ್ಲಿ ಬರೆದುಕೊಳ್ಳಿ.

ಆ ಅಂಕಿಯೇ ಕಾರಣ ಹೇಳುತ್ತದೆ. ಎರಡೂ ಕಡೆ ಒಂದೇ ವ್ಯತ್ಯಾಸ ಇದ್ದರೆ ಅದು ಬರೀ ಜಾಗ ತಪ್ಪಿದ್ದು, ಒಮ್ಮೆ ಸರಿಸಿದರೆ ಮುಗಿಯಿತು. ವ್ಯತ್ಯಾಸ ನಿಧಾನವಾಗಿ, ಒಂದೇ ಸಮನೆ ಬೆಳೆಯುತ್ತ ಗಂಟೆಗೆ ಎರಡು ಮೂರು ಫ್ರೇಮ್ ಆಗುತ್ತಿದ್ದರೆ ಎರಡು ಸಾಧನಗಳ ಒಳಗಿನ ಗಡಿಯಾರ ಹೊಂದುತ್ತಿಲ್ಲ ಎಂದರ್ಥ. ಗಂಟೆಗೆ 3.6 ಸೆಕೆಂಡ್ ಹೋಗುತ್ತಿದ್ದರೆ ಎಲ್ಲೋ 30 ಮತ್ತು 29.97 ಬೆರೆತಿದೆ, ಅದು ಸರಿಯಾಗಿ ಸಾವಿರಕ್ಕೆ ಒಂದು. ಗಂಟೆಗೆ ಎರಡೂವರೆ ನಿಮಿಷದ ಆಸುಪಾಸು ಹೋದರೆ 24 ಮತ್ತು 25ರ ಗೊಂದಲ. ಹತ್ತು ನಿಮಿಷಕ್ಕೇ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹೋದರೆ 44.1 ಕಿಲೋಹರ್ಟ್ಸ್‌ನ ಸೌಂಡನ್ನು 48 ಎಂದು ಓದಲಾಗಿದೆ, ಆಗ ಭಾಗವತರ ಶ್ರುತಿಯೂ ಒಂದೂವರೆ ಸೆಮಿಟೋನ್‌ನಷ್ಟು ಏರಿರುತ್ತದೆ, ಕಿವಿಗೇ ಗೊತ್ತಾಗುತ್ತದೆ. ವ್ಯತ್ಯಾಸ ಹೆಚ್ಚು ಕಡಿಮೆ ಆಗುತ್ತ ಹೊಯ್ದಾಡಿದರೆ ಫೈಲ್‌ನ ಫ್ರೇಮ್ ರೇಟೇ ಸ್ಥಿರವಾಗಿಲ್ಲ. ಒಂದು ಜಾಗದಲ್ಲಿ ಥಟ್ಟನೆ ಹಾರಿದರೆ ಫೈಲ್ ನಡುವೆ ಏನೋ ಬಿಟ್ಟುಹೋಗಿದೆ.

ನಿಮ್ಮ ವಿವರಣೆ ನೋಡಿದರೆ ರೆಕಾರ್ಡರ್‌ನದು ಗಡಿಯಾರದ ತೊಂದರೆ, ಮೊಬೈಲ್‌ನದು ಅಸ್ಥಿರ ಫ್ರೇಮ್ ರೇಟ್. ಕ್ಯಾಮೆರಾ 2ಕ್ಕೆ ದೂರವೇ ಕಾರಣ. ಗೋಪ್ರೊದ್ದು ಸಿಂಕ್ ಲೆಕ್ಕಾಚಾರವೇ ಮೋಸ ಹೋದದ್ದು.

ಶ್ರುತಿಪೆಟ್ಟಿಗೆ

ಕ್ಯಾಮೆರಾ 2ರ ವಿಷಯ ನಾನು ಹೇಳುತ್ತೇನೆ. ನಮ್ಮ ಕರಾವಳಿಯ ರಾತ್ರಿಯ ಸೆಕೆಯಲ್ಲಿ, 28 ಡಿಗ್ರಿ ಅಂದುಕೊಳ್ಳಿ, ಶಬ್ದ ಸೆಕೆಂಡಿಗೆ ಸುಮಾರು 348 ಮೀಟರ್ ಹೋಗುತ್ತದೆ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಅಂದರೆ ಸುಮಾರು 14 ಮೀಟರಿಗೆ ಒಂದು ಫ್ರೇಮ್. ಈ 14 ಅನ್ನುವುದನ್ನು ನೆನಪಿಟ್ಟುಕೊಂಡರೆ ಸಾಕು, ಕ್ಯಾಲ್ಕುಲೇಟರ್ ಬೇಡ.

30 ಮೀಟರ್ ದೂರದ ಕ್ಯಾಮೆರಾಕ್ಕೆ ಬೆಳಕು ಆ ಕ್ಷಣವೇ ತಲುಪುತ್ತದೆ, ಶಬ್ದ 86 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಸಾಫ್ಟ್‌ವೇರ್ ನೋಡುವುದು ಶಬ್ದವನ್ನು ಮಾತ್ರ. ಕ್ಯಾಮೆರಾದ ತಡವಾದ ಶಬ್ದವನ್ನು ಮಿಕ್ಸರ್‌ನ ಶಬ್ದಕ್ಕೆ ತಾಳೆ ಮಾಡಲು ಇಡೀ ಕ್ಲಿಪ್ಪನ್ನು 86 ಮಿಲಿಸೆಕೆಂಡ್ ಮುಂಚಿತವಾಗಿ ಕೂರಿಸುತ್ತದೆ. ಚಿತ್ರವೂ ಅದರ ಜೊತೆ ಎರಡು ಫ್ರೇಮ್ ಮುಂಚೆ ಬಂದುಬಿಡುತ್ತದೆ. ಸಾಫ್ಟ್‌ವೇರ್ ತಪ್ಪು ಮಾಡಿಲ್ಲ, ಕೇಳಿದ್ದನ್ನೇ ಮಾಡಿದೆ. ಪರಿಹಾರ: ಸಿಂಕ್ ಆದ ಮೇಲೆ ಆ ಕ್ಯಾಮೆರಾವನ್ನು ಎರಡು ಫ್ರೇಮ್ ತಡಕ್ಕೆ, ಅಂದರೆ ಟೈಮ್‌ಲೈನ್‌ನಲ್ಲಿ ಬಲಕ್ಕೆ ಸರಿಸಿ, ಅದರ ಸೌಂಡನ್ನು ಪೂರ್ತಿ ಮ್ಯೂಟ್ ಮಾಡಿ.

ಒಂದು ಎಚ್ಚರಿಕೆ. ದೂರ ಅಳೆಯಬೇಕಾದ್ದು ಕ್ಯಾಮೆರಾ ಕೇಳಿಸಿಕೊಂಡ ಶಬ್ದದ ಮೂಲಕ್ಕೆ. ಕ್ಯಾಮೆರಾದಿಂದ 8 ಮೀಟರ್‌ನಲ್ಲಿ ಧ್ವನಿವರ್ಧಕದ ಕಂಬ ಇದ್ದರೆ ಅದು ಕೇಳಿದ್ದು ಬಹುಪಾಲು ಆ ಕಂಬದ ಶಬ್ದವನ್ನೇ. ಆಗ ತಡ 23 ಮಿಲಿಸೆಕೆಂಡ್, ಅರ್ಧ ಫ್ರೇಮ್ ಚಿಲ್ಲರೆ, ಸರಿಸುವುದೇ ಬೇಡ. ಹಾಗಾಗಿ ಲೆಕ್ಕ ಹಾಕಿದ ಮೇಲೂ ಕಣ್ಣಲ್ಲಿ ಒಮ್ಮೆ ನೋಡಿ.

ಎರಡು ಫ್ರೇಮ್ ಏನು ಮಹಾ ಎಂದು ಕೆಲವರು ಕೇಳುತ್ತಾರೆ. ಶಬ್ದ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಿದ್ದರೆ ಅಥವಾ 125 ಹಿಂದಿದ್ದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸು ಹೇಳುತ್ತದೆ. ಇಲ್ಲಿ ಶಬ್ದ 86 ಹಿಂದಿದೆ, ಅದು ಆ ಮಿತಿಯೊಳಗೇ ಇದೆ ನಿಜ. ಆದರೆ ಹತ್ತಿರದ ಕ್ಯಾಮೆರಾದಿಂದ ದೂರದ್ದಕ್ಕೆ ಕಟ್ ಮಾಡುವಾಗ ಧೀಂಗಿಣದ ಹೆಜ್ಜೆ ಎರಡು ಫ್ರೇಮ್ ಹಾರುತ್ತದೆ. ಆ ಎಡವು ಕಾಣುತ್ತದೆ. ದಯವಿಟ್ಟು ಸರಿಮಾಡಿ.

ಮಲೆನಾಡ್_ಟೈಮ್‌ಲೈನ್

ಮೊಬೈಲ್ ಫೈಲ್ ಬಗ್ಗೆ. ಫೈಲ್‌ನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ತೆರೆದು ಫ್ರೇಮ್ ರೇಟ್ ಮೋಡ್ ಅನ್ನುವ ಸಾಲು ನೋಡಿ. ವೇರಿಯಬಲ್ ಎಂದಿದ್ದರೆ ಕಥೆ ಅಲ್ಲೇ ಗೊತ್ತಾಯಿತು. ಬೆಳಕು ಕಡಿಮೆಯಾದಾಗ ಮೊಬೈಲ್ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಹೀರಿಕೊಳ್ಳುತ್ತದೆ, ಸೆಕೆಂಡಿಗೆ 30 ಬರಬೇಕಾದಲ್ಲಿ 24ಕ್ಕೂ ಇಳಿಯುತ್ತದೆ. ಚೌಕಿಯ ಮಬ್ಬಿನಲ್ಲಿ ಇಳಿದು, ರಂಗಸ್ಥಳದ ದೀಪ ಬಿದ್ದಾಗ ಮತ್ತೆ ಏರುತ್ತದೆ. ಅದಕ್ಕೇ ನಿಮ್ಮ ವ್ಯತ್ಯಾಸ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಫೈಲ್‌ನೊಳಗೆ ಪ್ರತಿ ಫ್ರೇಮಿಗೂ ಅದರ ಸಮಯ ಸರಿಯಾಗಿಯೇ ಬರೆದಿರುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಬಿಟ್ಟು ಎಲ್ಲ ಫ್ರೇಮ್‌ಗೂ ಸಮಾನ ಅಂತರ ಎಂದು ಭಾವಿಸಿದಾಗ ಎಡವಟ್ಟಾಗುತ್ತದೆ.

ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್‌ನಲ್ಲಿ ವಿಡಿಯೊ ಟ್ಯಾಬ್‌ಗೆ ಹೋಗಿ ಫ್ರೇಮ್ ರೇಟ್ 30 ಆಯ್ದು, ಪಕ್ಕದಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಒತ್ತಿ. ಬರೀ 30 ಆಯ್ದು ಪೀಕ್ ಫ್ರೇಮ್‌ರೇಟ್ ಹಾಗೇ ಬಿಟ್ಟರೆ ಮತ್ತೆ ಅಸ್ಥಿರ ಫೈಲೇ ಹೊರಬರುತ್ತದೆ, ಬಹಳ ಜನ ಎಡವುವುದು ಇಲ್ಲೇ. ಗುಣಮಟ್ಟ ಆರ್‌ಎಫ್ 16ರಿಂದ 18. ಇಲ್ಲಿಯೇ 25ಕ್ಕೆ ಇಳಿಸಬೇಡಿ. 30ರಲ್ಲೇ ಸ್ಥಿರಗೊಳಿಸಿ, 25ರ ಟೈಮ್‌ಲೈನ್‌ಗೆ ಹೊಂದಿಸುವುದನ್ನು ರಿಸಾಲ್ವ್‌ಗೆ ಬಿಡಿ. ಅದು ಪ್ರತಿ ಆರರಲ್ಲಿ ಒಂದು ಫ್ರೇಮ್ ಬಿಡುತ್ತದೆ, ಪಕ್ಕಕ್ಕೆ ತಿರುಗುವ ಶಾಟ್‌ಗಳಲ್ಲಿ ಸ್ವಲ್ಪ ಕುಲುಕು ಕಾಣುತ್ತದೆ. ಆ ಶಾಟ್‌ಗೆ ಮಾತ್ರ ರೀಟೈಮ್ ಪ್ರೊಸೆಸ್‌ನಲ್ಲಿ ಆಪ್ಟಿಕಲ್ ಫ್ಲೋ ಕೊಡಿ.

ಪರಿವರ್ತನೆ ಆದ ಮೇಲೆ ಹೊಸ ಫೈಲ್‌ನ ಒಟ್ಟು ಅವಧಿ ಹಳೆಯದಕ್ಕೆ ಸಮನಾಗಿದೆಯೇ ನೋಡಿ. ಆಮೇಲೆ ಹೊಸದನ್ನೇ ಸಿಂಕ್ ಮಾಡಿ.

ಇನ್ನೊಂದು: ಗೋಪ್ರೊದ 29.97 ಕ್ಲಿಪ್ ಅಥವಾ ಈ 30ರ ಕ್ಲಿಪ್ಪಿನ ಕ್ಲಿಪ್ ಆಟ್ರಿಬ್ಯೂಟ್ಸ್‌ಗೆ ಹೋಗಿ ಫ್ರೇಮ್ ರೇಟನ್ನು 25 ಎಂದು ಬದಲಿಸಲೇಬೇಡಿ. ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಇಂಟರ್‌ಪ್ರಿಟ್ ಫೂಟೇಜ್ ಅನ್ನುವುದೂ ಇದೇ. ಅದು ಎಲ್ಲ ಫ್ರೇಮನ್ನೂ ಇಟ್ಟುಕೊಂಡು ನಿಧಾನವಾಗಿ ಓಡಿಸುತ್ತದೆ, ಒಂದು ಗಂಟೆಯ ಕ್ಲಿಪ್ 72 ನಿಮಿಷ ಆಗುತ್ತದೆ. ಸ್ಲೋ ಮೋಷನ್‌ಗೆ ಒಳ್ಳೆಯದು, ಸಿಂಕ್‌ಗೆ ವಿಷ.

ಕಡಲತಡಿ_ಫ್ರೇಮ್ಸ್

ತುಂಬಾ ಉಪಕಾರ. ಅಳೆದ ಅಂಕಿಗಳು ಇಲ್ಲಿವೆ. ಕ್ಯಾಮೆರಾ 1ರ ಸ್ವಂತ ಸೌಂಡನ್ನು ರೆಕಾರ್ಡರ್ ಜೊತೆ ಇಟ್ಟು ನೋಡಿದ್ದು: ಅಬ್ಬರದಲ್ಲಿ 0, ಮಂಗಳದಲ್ಲಿ ರೆಕಾರ್ಡರ್ 8 ಫ್ರೇಮ್ ತಡ. ಕ್ಯಾಮೆರಾ 2 ಚಿತ್ರ: ಶುರುವಿನಲ್ಲಿ 2 ಫ್ರೇಮ್ ಮುಂಚೆ. ಧ್ವನಿವರ್ಧಕ ಎರಡೂ ರಂಗಸ್ಥಳದ ಪಕ್ಕವೇ ಇತ್ತು, ಹಿಂದೆ ಇರಲಿಲ್ಲ. ಮೊಬೈಲ್ ಫೈಲ್ ವೇರಿಯಬಲ್ ಎಂದೇ ತೋರಿಸುತ್ತಿದೆ, ಹ್ಯಾಂಡ್‌ಬ್ರೇಕ್‌ಗೆ ಹಾಕಿದ್ದೇನೆ.

ಗೋಪ್ರೊದ ನಾಲ್ಕನೇ ಫೈಲ್ ಮಾತ್ರ ಅರ್ಥವಾಗುತ್ತಿಲ್ಲ. ಮತ್ತೆ ಸಿಂಕ್ ಮಾಡಿದರೂ ಅದೇ ತಪ್ಪು ಜಾಗಕ್ಕೆ ಹೋಗಿ ಕೂರುತ್ತದೆ.

ಮೂರನೇಕಣ್ಣು

ಸೌಂಡ್ ಸಿಂಕ್ ಹೇಗೆ ನಡೆಯುತ್ತದೆ ಅನ್ನುವುದನ್ನು ನೋಡಿದರೆ ಕಾರಣ ಸಿಗುತ್ತದೆ. ಎರಡು ವೇವ್‌ಫಾರ್ಮ್‌ಗಳನ್ನು ಒಂದರ ಮೇಲೊಂದು ಜಾರಿಸುತ್ತ ಎಲ್ಲಿ ಅತಿ ಹೆಚ್ಚು ಹೋಲಿಕೆ ಬರುತ್ತದೋ ಅಲ್ಲಿ ನಿಲ್ಲಿಸುವುದು, ಅಷ್ಟೇ. ಮಾತಿನಲ್ಲಿ ಒಂದೇ ವಾಕ್ಯ ಎರಡು ಸಲ ಅದೇ ಲಯದಲ್ಲಿ ಬರುವುದಿಲ್ಲ, ಹಾಗಾಗಿ ಹೋಲಿಕೆಯ ಶಿಖರ ಒಂದೇ. ಏಕತಾಳದಲ್ಲಿ ಚೆಂಡೆ ಒಂದೇ ಸಮ ನುಡಿಯುತ್ತಿದ್ದರೆ ಪ್ರತಿ ಸುತ್ತಿಗೂ ಒಂದೊಂದು ಶಿಖರ ಏಳುತ್ತದೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರ. ಕಂಬದ ಮೇಲಿನ ಗೋಪ್ರೊದ ಸಣ್ಣ ಮೈಕ್ ಚೆಂಡೆಯ ಅಬ್ಬರಕ್ಕೆ ಚಪ್ಪಟೆಯಾಗಿ ಕ್ಲಿಪ್ ಆಗಿದ್ದರೆ (ಮೈಕ್ ತಾಳುವ ಮಟ್ಟ ಮೀರಿ ಶಬ್ದದ ತುದಿ ಕತ್ತರಿಸಿಹೋಗಿದ್ದರೆ) ಪೆಟ್ಟು ಪೆಟ್ಟಿನ ನಡುವಿನ ಸೂಕ್ಷ್ಮ ವ್ಯತ್ಯಾಸವೂ ಅಳಿಸಿಹೋಗಿರುತ್ತದೆ. ನಾಲ್ಕನೇ ಫೈಲ್‌ನಲ್ಲಿ ಯುದ್ಧದ ಕುಣಿತವೇ ಹೆಚ್ಚಿರಬೇಕು ನೋಡಿ.

ಆದರೆ ಆ ಫೈಲನ್ನು ಬೇರೆಯಾಗಿ ಸಿಂಕ್ ಮಾಡುವ ಅಗತ್ಯವೇ ಇಲ್ಲ. ಗೋಪ್ರೊ ಫೈಲ್ ಹೆಸರಿನಲ್ಲಿ ಜಿಎಕ್ಸ್ ಆದ ಮೇಲಿನ ಎರಡು ಅಂಕಿ ಅಧ್ಯಾಯದ ಸಂಖ್ಯೆ, ಕೊನೆಯ ನಾಲ್ಕು ಅಂಕಿ ರೆಕಾರ್ಡಿಂಗ್‌ನ ಸಂಖ್ಯೆ. 010047, 020047, 030047 ಒಂದೇ ರೆಕಾರ್ಡಿಂಗ್‌ನ ತುಂಡುಗಳು. ಹೆಸರಿನ ಪ್ರಕಾರ ವಿಂಗಡಿಸಿದರೆ ಬೇರೆ ಬೇರೆ ರೆಕಾರ್ಡಿಂಗ್‌ಗಳ ಮೊದಲ ತುಂಡುಗಳೆಲ್ಲ ಒಟ್ಟಿಗೆ ಬಂದು ಕಲಸಿಹೋಗುತ್ತವೆ, ಕೊನೆಯ ನಾಲ್ಕಂಕಿ ನೋಡಿ ಜೋಡಿಸಿ. ಮೊದಲ ತುಂಡನ್ನು ಮಾತುಗಾರಿಕೆ ಇರುವ ಜಾಗದಲ್ಲಿ ಸಿಂಕ್ ಮಾಡಿ, ಉಳಿದವನ್ನು ಒಂದರ ಬಾಲಕ್ಕೆ ಒಂದು ತಾಗಿಸಿ ಇಡಿ. ಆಮೇಲೆ ಪ್ರತಿ ತುಂಡಿನ ಶುರುವಿನಲ್ಲಿ ಒಂದು ಫ್ರೇಮ್ ಆಚೀಚೆ ಇದೆಯೇ ನೋಡಿದರೆ ಆಯಿತು. ತಾಗಿಸಿಟ್ಟ ಮೇಲೆ ಹಲವು ಸೆಕೆಂಡ್‌ಗಳ ತಪ್ಪು ಬಂದರೆ ಕ್ಯಾಮೆರಾ ನಡುವೆ ನಿಂತು ಮತ್ತೆ ಶುರುವಾಗಿದೆ ಎಂದರ್ಥ. ಆಗ ನಾಲ್ಕಂಕಿಯ ಸಂಖ್ಯೆಯೂ ಬದಲಾಗಿರುತ್ತದೆ.

ಕ್ಯಾಮ್‌ಕಾರ್ಡರ್‌ನ ಎಂಟಿಎಸ್ ಫೈಲ್ ಬಳಸುವವರಿಗೂ ಇದೇ ಮಾತು. ಸ್ಟ್ರೀಮ್ ಫೋಲ್ಡರ್‌ನಿಂದ ಬರೀ ಫೈಲ್‌ಗಳನ್ನು ಎತ್ತಿ ಕಾಪಿ ಮಾಡಿದರೆ ತುಂಡು ಸೇರುವ ಜಾಗದಲ್ಲಿ ಸೌಂಡ್ ಕೆಲವು ಫ್ರೇಮ್ ಕಡಿದುಹೋಗುತ್ತದೆ. ಕಾರ್ಡಿನ ಪೂರ್ತಿ ಫೋಲ್ಡರ್ ರಚನೆಯನ್ನು ಹಾಗೇ ಕಾಪಿ ಮಾಡಿ, ಪ್ರೀಮಿಯರ್ ಆದರೆ ಮೀಡಿಯಾ ಬ್ರೌಸರ್ ಮೂಲಕ ತನ್ನಿ. ಆಗ ತುಂಡುಗಳೆಲ್ಲ ಸೇರಿ ಒಂದೇ ಕ್ಲಿಪ್ ಆಗಿ ಕಾಣುತ್ತವೆ.

ಪಡುವಣ_ಎಡಿಟ್

ರೆಕಾರ್ಡರ್‌ನ 8 ಫ್ರೇಮ್‌ಗೆ ಸುಲಭ ದಾರಿ ಇದೆ. ಸೌಂಡ್ ಕ್ಲಿಪ್ಪಿನ ಸ್ಪೀಡನ್ನು ಚೂರು ಹೆಚ್ಚಿಸಿ, 100ರ ಬದಲು 100.01 ಕೊಟ್ಟರೆ ಮುಗಿಯಿತು.

ಶ್ರುತಿಪೆಟ್ಟಿಗೆ

ಇಲ್ಲ ಮಾರಾಯ್ರೆ, ಅದು ಆಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಮೂರೂವರೆ ಗಂಟೆ ಅಂದರೆ 12,600 ಸೆಕೆಂಡ್. 8 ಫ್ರೇಮ್ ಅಂದರೆ 0.32 ಸೆಕೆಂಡ್. ಭಾಗಿಸಿದರೆ ಹತ್ತು ಲಕ್ಷಕ್ಕೆ ಸುಮಾರು 25. ಪ್ರೀಮಿಯರ್‌ನ ಸ್ಪೀಡ್ ಪೆಟ್ಟಿಗೆಯಲ್ಲಿ ಎರಡು ದಶಮಾಂಶ ಸ್ಥಾನ ಮಾತ್ರ. 100.01 ಅಂದರೆ ಹತ್ತು ಲಕ್ಷಕ್ಕೆ 100, ಬೇಕಾದ್ದರ ನಾಲ್ಕು ಪಟ್ಟು. 8 ಫ್ರೇಮ್ ತಡ ಇದ್ದದ್ದು 23 ಫ್ರೇಮ್ ಮುಂಚೆ ಆಗುತ್ತದೆ.

ಸಾಮಾನ್ಯ ರೆಕಾರ್ಡರ್, ಕ್ಯಾಮೆರಾಗಳ ಒಳಗಿನ ಗಡಿಯಾರ ನಡೆಸುವ ಹರಳು ಹತ್ತು ಲಕ್ಷಕ್ಕೆ 20, 30ರಷ್ಟು ಆಚೀಚೆ ಇರುವುದು ಸಹಜ. 20 ಅಂದರೆ ಗಂಟೆಗೆ 72 ಮಿಲಿಸೆಕೆಂಡ್. ಹಾಗಾಗಿ ನಿಮ್ಮ ಯಾವ ಸಾಧನವೂ ಕೆಟ್ಟಿಲ್ಲ, ಹೆದರಬೇಡಿ.

ರೀಪರ್ ಎಂಬ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡುವ ಕ್ರಮ: ಕ್ಯಾಮೆರಾ 1ರ ಸೌಂಡನ್ನು ಒಂದು ಟ್ರ್ಯಾಕ್‌ಗೆ, ರೆಕಾರ್ಡರ್ ಫೈಲನ್ನು ಅದರ ಕೆಳಗಿನ ಟ್ರ್ಯಾಕ್‌ಗೆ ಹಾಕಿ. ಗ್ರಿಡ್‌ಗೆ ಅಂಟುವ ಸ್ನ್ಯಾಪ್ ಆಫ್ ಮಾಡಿ. ಅಬ್ಬರದ ಒಂದು ಒಂಟಿ ಪೆಟ್ಟನ್ನು ಹುಡುಕಿ ದೊಡ್ಡದು ಮಾಡಿ. ಚೆಂಡೆಯ ಪೆಟ್ಟು ವೇವ್‌ಫಾರ್ಮ್‌ನಲ್ಲಿ ಸೂಜಿಯಂತೆ ಏಳುತ್ತದೆ, ಮದ್ದಳೆಯದ್ದು ಬುಡ ಅಗಲವಾದ ಗುಡ್ಡೆಯಂತೆ. ಅಳತೆಗೆ ಸೂಜಿಯೇ ಬೇಕು. ಸೂಜಿಯ ತುದಿಯನ್ನಲ್ಲ, ಅದು ನೆಲ ಬಿಟ್ಟೇಳುವ ಜಾಗವನ್ನು ತಾಳೆ ಮಾಡಿ, ಯಾಕೆಂದರೆ ತುದಿ ಮೈಕ್‌ನಿಂದ ಮೈಕ್‌ಗೆ ಬದಲಾಗುತ್ತದೆ. ಆ ಪೆಟ್ಟಿನ ಮುಂಚಿನ ಭಾಗ ಎರಡರಲ್ಲೂ ಕತ್ತರಿಸಿ, ಎರಡೂ ಐಟಂ (ರೀಪರ್‌ನಲ್ಲಿ ಕ್ಲಿಪ್‌ಗೆ ಹೀಗೆನ್ನುತ್ತಾರೆ) ಒಂದೇ ಜಾಗದಲ್ಲಿ ಶುರುವಾಗಲಿ. ಈಗ ಮಂಗಳದ ಹತ್ತಿರದ ಒಂಟಿ ಪೆಟ್ಟಿಗೆ ಹೋಗಿ, ಅದರ ನಂತರದ್ದನ್ನೂ ಎರಡರಲ್ಲೂ ಕತ್ತರಿಸಿ. ಐಟಂ ಪ್ರಾಪರ್ಟೀಸ್‌ನಲ್ಲಿ ಪ್ರಿಸರ್ವ್ ಪಿಚ್ ಟಿಕ್ ತೆಗೆದು, ರೆಕಾರ್ಡರ್ ಐಟಂನ ಬಲ ಅಂಚನ್ನು ಆಲ್ಟ್ ಹಿಡಿದು ಎಳೆದು ಮೇಲಿನದರ ಅಂಚಿಗೆ ತಾಗಿಸಿ. ಪ್ಲೇಬ್ಯಾಕ್ ರೇಟ್ 1.000025ರ ಆಸುಪಾಸು ತೋರಿಸಬೇಕು. 48 ಕಿಲೋಹರ್ಟ್ಸ್ 24 ಬಿಟ್‌ಗೆ ರೆಂಡರ್ ಮಾಡಿ.

ಪ್ರಿಸರ್ವ್ ಪಿಚ್ ತೆಗೆಯಲು ಹೇಳಿದ್ದಕ್ಕೆ ಕಾರಣ ಇದೆ. ಅದು ಇದ್ದರೆ ಸಾಫ್ಟ್‌ವೇರ್ ಶಬ್ದವನ್ನು ಚೂರು ಚೂರು ಮಾಡಿ ಹೊಲಿಯುತ್ತದೆ, ಚೆಂಡೆಯ ಸೂಜಿ ಮೊಂಡಾಗುತ್ತದೆ. ತೆಗೆದರೆ ಶ್ರುತಿ ಏರುವುದು ಒಂದು ಸೆಂಟ್‌ನ ಇಪ್ಪತ್ತರಲ್ಲೊಂದು ಭಾಗಕ್ಕಿಂತ ಕಡಿಮೆ. ಒಂದು ಸೆಮಿಟೋನ್‌ಗೆ ನೂರು ಸೆಂಟ್. ಭಾಗವತರಿಗೂ ಗೊತ್ತಾಗದು.

ಪಡುವಣ_ಎಡಿಟ್

ಒಪ್ಪಿದೆ, ಎರಡು ದಶಮಾಂಶದ ಮಿತಿ ಗಮನಿಸಿರಲಿಲ್ಲ. ಆದರೂ ಒಂದು ಮಾತು. ಸೌಂಡನ್ನು ಮುಟ್ಟದೇ ಚಿತ್ರವನ್ನೇ ಸರಿಸಿದರೆ ಆಗುವುದಿಲ್ಲವೇ? ಮೂರೂವರೆ ಗಂಟೆಯಲ್ಲಿ ಬರೀ ಎಂಟು ಕಡೆ ಒಂದೊಂದು ಫ್ರೇಮ್. ಕ್ಯಾಮೆರಾ 1ನ್ನು ಪದ್ಯ ಮುಗಿದು ಮಾತು ಶುರುವಾಗುವ ಸಂದಿಗಳಲ್ಲಿ ಕತ್ತರಿಸಿ, ಪ್ರತಿ ತುಂಡನ್ನೂ ಇನ್ನೊಂದು ಫ್ರೇಮ್ ಬಲಕ್ಕೆ ಇಟ್ಟರೆ ಸಾಕು. ಆ ಕ್ಷಣದಲ್ಲಿ ಬೇರೆ ಕ್ಯಾಮೆರಾ ತೋರಿಸುತ್ತಿದ್ದರೆ ಯಾರಿಗೂ ಕಾಣದು.

ಶ್ರುತಿಪೆಟ್ಟಿಗೆ

ಆಗುತ್ತದೆ, ಅದು ತಪ್ಪಲ್ಲ. ಒಂದೇ ಕ್ಯಾಮೆರಾ ಇದ್ದರೆ, ಒಂದು ಗಂಟೆಯ ಕಾರ್ಯಕ್ರಮ ಆದರೆ ನಾನೂ ಅದನ್ನೇ ಹೇಳುವೆ. ಆದರೆ ಇಲ್ಲಿ ನಾಲ್ಕು ಕ್ಯಾಮೆರಾಗಳಲ್ಲೂ ಎಂಟೆಂಟು ಕಟ್ ಬೀಳುತ್ತದೆ. ಕ್ಯಾಮೆರಾ 1 ಮತ್ತು 2ರ ಗಡಿಯಾರ ಪರಸ್ಪರ ಹತ್ತಿರ ಇದ್ದು ರೆಕಾರ್ಡರ್ ಒಂದೇ ಬೇರೆ ಓಡುತ್ತಿದ್ದರೆ ಆ ಒಂದನ್ನು ಸರಿಮಾಡುವುದು ಕಡಿಮೆ ಕೆಲಸ. ಕ್ಯಾಮೆರಾ 2 ಮಂಗಳದಲ್ಲಿ ಎಷ್ಟಿದೆ ಎಂದು ಅವರು ಹೇಳಿಲ್ಲ. ಅದು ಬೇಕು.

ಕಡಲತಡಿ_ಫ್ರೇಮ್ಸ್

ರೆಕಾರ್ಡರ್ ಫೈಲನ್ನು ರೀಪರ್‌ನಲ್ಲಿ ಹೊಂದಿಸಿ ತಂದಾಯಿತು. ಈಗ ಕ್ಯಾಮೆರಾ 1 ಎರಡೂ ತುದಿಯಲ್ಲಿ 0. ಹೊಸ ಸೌಂಡ್ ಜೊತೆ ಕ್ಯಾಮೆರಾ 2: ಶುರುವಿನಲ್ಲಿ 2 ಫ್ರೇಮ್ ಮುಂಚೆ, ಮಂಗಳದಲ್ಲಿ 1 ಫ್ರೇಮ್ ಮುಂಚೆ. ಮೊಬೈಲ್‌ನ ಸ್ಥಿರಗೊಳಿಸಿದ ಫೈಲ್ ಅವಧಿ ಸಮನಾಗಿದೆ, ಹೊಯ್ದಾಟ ನಿಂತಿದೆ. ಗೋಪ್ರೊ ತುಂಡುಗಳನ್ನು ತಾಗಿಸಿಟ್ಟ ಮೇಲೆ ನಾಲ್ಕನೆಯದು ತಾನಾಗಿ ಸರಿಯಾಯಿತು. ನಿಜಕ್ಕೂ ಅದರಲ್ಲಿ ಇದ್ದದ್ದು ಯುದ್ಧದ ಪದ್ಯಗಳೇ.

ಇವನ್ನೆಲ್ಲ ಕೈಯಿಂದ ಜೋಡಿಸಿದ ಮೇಲೆ ಮಲ್ಟಿಕ್ಯಾಮ್ ಮಾಡುವುದು ಹೇಗೆ? ಮತ್ತೆ ಸೌಂಡ್ ಸಿಂಕ್ ಕೊಟ್ಟರೆ ಇಟ್ಟದ್ದೆಲ್ಲ ಹೋಗುತ್ತದಲ್ಲ?

ಮಲೆನಾಡ್_ಟೈಮ್‌ಲೈನ್

ಸೌಂಡ್ ಸಿಂಕ್ ಮತ್ತೆ ಕೊಡದೇ ಮಾಡಿದರೆ ಹೋಗುವುದಿಲ್ಲ. ಕ್ಯಾಮೆರಾ 2ಕ್ಕೆ ಮೊದಲು: ಇಡೀ ಕ್ಲಿಪ್ಪನ್ನು 2 ಫ್ರೇಮ್ ಬಲಕ್ಕೆ ಸರಿಸಿ, ಮಧ್ಯದಲ್ಲಿ, ಸುಮಾರು ಒಂದೂಮುಕ್ಕಾಲು ಗಂಟೆಯ ಹತ್ತಿರ ಒಂದು ಸಂದಿ ನೋಡಿ ಕತ್ತರಿಸಿ, ಎರಡನೇ ಅರ್ಧವನ್ನು 1 ಫ್ರೇಮ್ ಎಡಕ್ಕೆ ತನ್ನಿ. ಮೊದಲ ತುಂಡಿನ ಕೊನೆಯ ಒಂದು ಫ್ರೇಮ್ ಅದರಡಿ ಅಳಿಯುತ್ತದೆ, ಪರವಾಗಿಲ್ಲ.

ಈಗ ಟೈಮ್‌ಲೈನ್‌ನಲ್ಲಿ ಒಂದು ಕ್ಯಾಮೆರಾಕ್ಕೆ ಒಂದೇ ವಿಡಿಯೊ ಟ್ರ್ಯಾಕ್ ಇರಲಿ. ಗೋಪ್ರೊದ ಎಲ್ಲ ತುಂಡೂ ಒಂದೇ ಟ್ರ್ಯಾಕ್‌ನಲ್ಲಿ. ಟ್ರ್ಯಾಕ್‌ಗೆ ಹೆಸರು ಕೊಡಿ: ಹತ್ತಿರ, ದೂರ, ಕಂಬ, ಚೌಕಿ. ಕ್ಯಾಮೆರಾ ಸೌಂಡ್‌ಗಳನ್ನೆಲ್ಲ ತೆಗೆದು ರೆಕಾರ್ಡರ್ ಒಂದನ್ನೇ ಉಳಿಸಿ. ಇದರ ಒಂದು ನಕಲು ಪ್ರತಿ ಎತ್ತಿಟ್ಟುಕೊಂಡು, ಮೀಡಿಯಾ ಪೂಲ್‌ನಲ್ಲಿ ಆ ಟೈಮ್‌ಲೈನ್ ಮೇಲೆ ಬಲ ಕ್ಲಿಕ್ ಮಾಡಿ ಕನ್ವರ್ಟ್ ಟೈಮ್‌ಲೈನ್ ಟು ಮಲ್ಟಿಕ್ಯಾಮ್ ಕ್ಲಿಪ್ ಒತ್ತಿ. ಪ್ರತಿ ಟ್ರ್ಯಾಕೂ ಒಂದು ಆಂಗಲ್ ಆಗುತ್ತದೆ. ನೀವು ಇಟ್ಟ ಜಾಗ ಕದಲುವುದಿಲ್ಲ. ಪ್ರೀಮಿಯರ್‌ನವರು ಎಲ್ಲ ಟ್ರ್ಯಾಕ್ ಆಯ್ದು ನೆಸ್ಟ್ ಮಾಡಿ, ಆ ನೆಸ್ಟ್ ಮೇಲೆ ಬಲ ಕ್ಲಿಕ್, ಮಲ್ಟಿ-ಕ್ಯಾಮೆರಾ, ಎನೇಬಲ್. ಫಲ ಒಂದೇ.

ಹೊಸ 25 ಫ್ರೇಮ್ ಟೈಮ್‌ಲೈನ್‌ಗೆ ಈ ಮಲ್ಟಿಕ್ಯಾಮ್ ಕ್ಲಿಪ್ ಹಾಕಿ, ಎಡಗಡೆ ವ್ಯೂವರ್‌ನಲ್ಲಿ ಮಲ್ಟಿಕ್ಯಾಮ್ ಮೋಡ್ ತೆರೆಯಿರಿ. ವ್ಯೂವರ್ ಕೆಳಗೆ ವಿಡಿಯೊ ಮಾತ್ರ ಅನ್ನುವ ಗುರುತು ಒತ್ತಿರಬೇಕು, ಇಲ್ಲವಾದರೆ ಪ್ರತಿ ಕಟ್‌ಗೂ ಸೌಂಡ್ ಬದಲಾಗಿ ಹೋಗುತ್ತದೆ. ಪ್ಲೇ ಮಾಡುತ್ತ 1, 2, 3, 4 ಒತ್ತಿದರೆ ಆ ಕ್ಷಣಕ್ಕೆ ಕಟ್. ಕಟ್ ಬೇಡ, ಈ ತುಂಡಿಗೆ ಬೇರೆ ಕ್ಯಾಮೆರಾ ಮಾತ್ರ ಬೇಕು ಅಂದರೆ ಆಲ್ಟ್ ಹಿಡಿದು ಅಂಕಿ. ಪ್ಲೇ ಮಾಡುತ್ತ ಮಾಡಿದ ಕಟ್‌ಗಳು ಕೈಯ ತಡಕ್ಕೆ ನಾಲ್ಕೈದು ಫ್ರೇಮ್ ಹಿಂದೆ ಬೀಳುತ್ತವೆ. ಆಮೇಲೆ ಒಂದೊಂದನ್ನೂ ಅಂಚು ಹಿಡಿದು ಪೆಟ್ಟಿನ ಮೇಲೆ ತಂದು ಕೂರಿಸಿ.

ಎಲ್ಲೋ ಸಿಂಕ್ ತಪ್ಪಿದ್ದು ನಡುವೆ ಕಂಡರೆ ಮಲ್ಟಿಕ್ಯಾಮ್ ಮೇಲೆ ಬಲ ಕ್ಲಿಕ್, ಓಪನ್ ಇನ್ ಟೈಮ್‌ಲೈನ್. ಒಳಗೆ ಸರಿಪಡಿಸಿದರೆ ಹೊರಗಿನ ಎಲ್ಲ ಕಟ್‌ಗೂ ತಾನಾಗಿ ತಲುಪುತ್ತದೆ. ಅದಕ್ಕೇ ಫ್ಲಾಟನ್ (ಮಲ್ಟಿಕ್ಯಾಮ್ ಬಿಚ್ಚಿ ಆಯ್ದ ಕ್ಯಾಮೆರಾ ಮಾತ್ರ ಉಳಿಸುವುದು) ಮಾಡುವುದನ್ನು ಕೊನೆಯವರೆಗೆ ಮುಂದೂಡಿ.

ಕಂಪ್ಯೂಟರ್ ನಾಲ್ಕು ಚಿತ್ರ ಒಟ್ಟಿಗೆ ಓಡಿಸಲು ಒದ್ದಾಡಿದರೆ ಪ್ರಾಕ್ಸಿ, ಅಂದರೆ ಹಗುರವಾದ ನಕಲು, ಮಾಡಿಕೊಳ್ಳಿ. 1080ರ ಪ್ರೊರೆಸ್ ಪ್ರಾಕ್ಸಿ 25 ಫ್ರೇಮ್‌ಗೆ ಗಂಟೆಗೆ ಸುಮಾರು 17 ಜಿಬಿ, ನಿಮ್ಮ ಹದಿನಾಲ್ಕು ಗಂಟೆಗೆ 240 ಜಿಬಿ ಜಾಗ ಇಟ್ಟುಕೊಳ್ಳಿ.

ಸಹ್ಯಾದ್ರಿ_ಲೆನ್ಸ್

ಮುಂದಿನ ಸಲಕ್ಕೆ ಎಲ್ಲ ಕ್ಯಾಮೆರಾಕ್ಕೂ ಒಂದೇ ಸಮಯದ ಗುರುತು ಕೊಡುವ ಟೈಮ್‌ಕೋಡ್ ಪೆಟ್ಟಿಗೆ ಬಳಸಿದರೆ ಇಷ್ಟೆಲ್ಲ ತಪ್ಪುತ್ತದೆಯೇ? ಟೆಂಟಕಲ್ ತರಹದ್ದು. ನಮ್ಮ ಕ್ಯಾಮೆರಾಗಳಿಗೆ ಟೈಮ್‌ಕೋಡ್ ಸಾಕೆಟ್ ಇಲ್ಲ.

ಮೂರನೇಕಣ್ಣು

ಸಾಕೆಟ್ ಬೇಡ, ಮೈಕ್ ಸಾಕೆಟ್ ಸಾಕು. ಪೆಟ್ಟಿಗೆ ಟೈಮ್‌ಕೋಡನ್ನು ಶಬ್ದವಾಗಿ ಕಳಿಸುತ್ತದೆ, ಎಡ ಚಾನೆಲ್‌ನಲ್ಲಿ ಅದು, ಬಲದಲ್ಲಿ ಮೈಕ್. ಕ್ಯಾಮೆರಾದ ಆಟೊ ಲೆವೆಲ್ ಆಫ್ ಮಾಡಿ, ಮೀಟರ್ ಮೈನಸ್ 18ರಿಂದ ಮೈನಸ್ 12 ಡೆಸಿಬೆಲ್ ನಡುವೆ ನಿಲ್ಲಲಿ. ಜೋರಾಗಿ ಕ್ಲಿಪ್ ಆದರೆ ಓದಲಾಗುವುದಿಲ್ಲ, ಪಕ್ಕದ ಮೈಕ್‌ಗೂ ಆ ಕರ್ಕಶ ಸೋರುತ್ತದೆ. ರಿಸಾಲ್ವ್‌ನಲ್ಲಿ ಕ್ಲಿಪ್‌ಗಳ ಮೇಲೆ ಬಲ ಕ್ಲಿಕ್ ಮಾಡಿ ಅಪ್‌ಡೇಟ್ ಟೈಮ್‌ಕೋಡ್ ಫ್ರಮ್ ಆಡಿಯೊ ಟ್ರ್ಯಾಕ್ ಕೊಟ್ಟು, ಸಿಂಕ್‌ನಲ್ಲಿ ಟೈಮ್‌ಕೋಡ್ ಆಯ್ಕೆ ಮಾಡಿ. ಚೆಂಡೆಯ ಸುತ್ತಿನ ಮೋಸ, ದೂರದ ಎರಡು ಫ್ರೇಮ್, ಎರಡೂ ಇದರಲ್ಲಿ ಇಲ್ಲ, ಯಾಕೆಂದರೆ ಇದು ಗಾಳಿಯಲ್ಲಿ ಬಂದ ಶಬ್ದವನ್ನು ನಂಬುವುದಿಲ್ಲ.

ಆದರೆ ಒಂದು ವಿಷಯ ಸ್ಪಷ್ಟವಾಗಿರಲಿ. ಇಂಥ ಪೆಟ್ಟಿಗೆ ಕ್ಲಿಪ್ ಶುರುವಾಗುವ ಜಾಗವನ್ನು ಮಾತ್ರ ಹೇಳುತ್ತದೆ. ಶುರುವಾದ ಮೇಲೆ ಕ್ಯಾಮೆರಾ ತನ್ನ ಹರಳಿನ ವೇಗದಲ್ಲೇ ಓಡುತ್ತದೆ. ನಿಲ್ಲಿಸದೆ ಮೂರೂವರೆ ಗಂಟೆ ಓಡಿಸಿದರೆ ಆ 8 ಫ್ರೇಮ್ ಮತ್ತೆ ಬರುತ್ತದೆ. ಮುಕ್ಕಾಲು ಗಂಟೆಗೊಮ್ಮೆ, ಒಂದೊಂದು ಕ್ಯಾಮೆರಾವನ್ನು ಬೇರೆ ಬೇರೆ ಹೊತ್ತಿಗೆ, ನಿಲ್ಲಿಸಿ ಮತ್ತೆ ಶುರು ಮಾಡಿದರೆ ಪ್ರತಿ ಕ್ಲಿಪ್ಪೂ ಹೊಸದಾಗಿ ಸರಿಯಾದ ಜಾಗಕ್ಕೆ ಬರುತ್ತದೆ.

ಪೆಟ್ಟಿಗೆಗೆ ದುಡ್ಡು ಹಾಕುವ ಮುಂಚೆ ಖರ್ಚಿಲ್ಲದ ಕೆಲಸಗಳನ್ನು ಮಾಡಿ. ಗೋಪ್ರೊದಲ್ಲಿ ಆ್ಯಂಟಿ ಫ್ಲಿಕರ್ 50 ಹರ್ಟ್ಸ್ ಇಟ್ಟರೆ 25 ಫ್ರೇಮ್ ಸಿಗುತ್ತದೆ, ನಮ್ಮ ಕರೆಂಟಿನ ದೀಪಕ್ಕೂ ಹೊಂದುತ್ತದೆ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ವಿಡಿಯೊದಲ್ಲಿ ಶೋ ಪಾಲ್ ಫಾರ್ಮ್ಯಾಟ್ಸ್ ಆನ್ ಮಾಡಿದರೆ 25 ಬರುತ್ತದೆ, ಆಟೊ ಎಫ್‌ಪಿಎಸ್ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಕಂಪನಿ ಕೊಟ್ಟ ಕ್ಯಾಮೆರಾ ಬಿಟ್ಟು, ಫ್ರೇಮ್ ರೇಟ್ ಮತ್ತು ಶಟರ್ ಎರಡನ್ನೂ ಕಟ್ಟಿಹಾಕಲು ಬಿಡುವ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಆ್ಯಪ್ ಬಳಸಿ, ಶಟರ್ 1/50.

ಮತ್ತೆ ಚಪ್ಪಾಳೆ. ಅಬ್ಬರಕ್ಕೆ ಮುಂಚೆ ಒಂದು, ಮಂಗಳ ಆದ ಮೇಲೆ ಒಂದು, ಎಲ್ಲ ಕ್ಯಾಮೆರಾ ಕಾಣುವ ಹಾಗೆ ರಂಗಸ್ಥಳದ ಮಧ್ಯೆ, ಮೈಕ್ ಹತ್ತಿರ. 1/50 ಶಟರ್‌ನಲ್ಲಿ ಕೈ ಮಸುಕಾಗಿ ಬರುವ ಫ್ರೇಮನ್ನು ಬಿಟ್ಟು, ಕೈ ಕೂಡಿ ಚೂಪಾಗಿ ಕಾಣುವ ಮೊದಲ ಫ್ರೇಮನ್ನು ಗುರುತು ಮಾಡಿ. ಫೋಟೊ ಫ್ಲ್ಯಾಶ್ ಹೊಡೆಸಿ ಗುರುತು ಮಾಡುವವರೂ ಇದ್ದಾರೆ, ಆದರೆ ರೋಲಿಂಗ್ ಶಟರ್‌ನಿಂದ (ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ) ಫ್ಲ್ಯಾಶ್ ಒಂದು ಫ್ರೇಮಿನ ಕೆಳಗರ್ಧದಲ್ಲೂ ಮುಂದಿನ ಫ್ರೇಮಿನ ಮೇಲರ್ಧದಲ್ಲೂ ಹಂಚಿಹೋಗಬಹುದು. ಆಗ ಯಾವುದನ್ನು ಹಿಡಿಯುವುದು ಎಂಬ ಗೊಂದಲ.

ಸಹ್ಯಾದ್ರಿ_ಲೆನ್ಸ್

ಕಡೆಗೊಂದು ಪ್ರಶ್ನೆ. ಫ್ರೇಮಿಗಿಂತ ಸಣ್ಣ ವ್ಯತ್ಯಾಸ ಉಳಿದರೆ? ಒಂದು ಫ್ರೇಮ್ ಎಡಕ್ಕೆ ಸರಿಸಿದರೆ ಮುಂಚೆ, ಬಲಕ್ಕೆ ಸರಿಸಿದರೆ ತಡ.

ಶ್ರುತಿಪೆಟ್ಟಿಗೆ

ಚಿತ್ರವನ್ನು ಅರ್ಧ ಫ್ರೇಮ್ ಸರಿಸಲು ಆಗುವುದಿಲ್ಲ, ಸೌಂಡನ್ನು ಸರಿಸಬಹುದು. 48 ಕಿಲೋಹರ್ಟ್ಸ್‌ನಲ್ಲಿ 25 ಫ್ರೇಮ್‌ನ ಒಂದು ಫ್ರೇಮಿಗೆ 1,920 ಸ್ಯಾಂಪಲ್ ಇವೆ. ಪ್ರೀಮಿಯರ್‌ನಲ್ಲಿ ಸೀಕ್ವೆನ್ಸ್ ಹೆಸರಿನ ಪಕ್ಕದ ಮೆನುವಿನಲ್ಲಿ ಶೋ ಆಡಿಯೊ ಟೈಮ್ ಯೂನಿಟ್ಸ್ ಒತ್ತಿದರೆ ಸ್ಯಾಂಪಲ್ ಲೆಕ್ಕದಲ್ಲಿ ಸರಿಯುತ್ತದೆ. ರಿಸಾಲ್ವ್‌ನಲ್ಲಿ ಸೌಂಡ್ ಕೆಲಸದ ಫೇರ್‌ಲೈಟ್ ಪುಟಕ್ಕೆ ಹೋಗಿ ಮಾಡಿ. ಸರಿಸುವಾಗ ಹತ್ತಿರದ ಕ್ಯಾಮೆರಾಕ್ಕೆ ಸರಿಹೊಂದಿಸಿ, ಯಾಕೆಂದರೆ ತುಟಿ, ಬೆರಳು ಕಾಣುವುದು ಅದರಲ್ಲೇ. ಎರಡರ ನಡುವೆ ಆಯ್ಕೆ ಬಂದರೆ ಸೌಂಡ್ ಅರ್ಧ ಫ್ರೇಮ್ ತಡ ಇರಲಿ, ಮುಂಚೆ ಬೇಡ. ಕೋಲು ಚರ್ಮಕ್ಕೆ ತಾಗುವ ಮೊದಲೇ ಪೆಟ್ಟು ಕೇಳಿದರೆ ಕಣ್ಣು ತಕ್ಷಣ ಹಿಡಿಯುತ್ತದೆ.